ಎಮ್ಮಾ ವುಡ್‌ಹೌಸಳೂ ಅವಳ ವಾಚಕರೂ

ಒಂದು ಗ್ರಂಥವು ಪ್ರಕಟವಾದಾಗ ವಿಮರ್ಶಕರು ಅದನ್ನು ಕುರಿತು ಏನೆಂದರೆಂಬುದು ಪತ್ರಿಕೆಗಳಲ್ಲಿ ಅಚ್ಚಾಗಿ ಮುಂದಿನವರಿಗೆ ಉಳಿಯುತ್ತದೆ. ಆದರೆ ಆ ಗ್ರಂಥವನ್ನು ಕೊಂಡೋ ಎರವು ತಂದೋ ಓದಿ, ಊಟದ ಹೊತ್ತಿನಲ್ಲಿ ಮನೆಯವರೊಡನೆ ಅದರ ಗುಣದೋಷಗಳನ್ನು ಮಾತನಾಡಿಕೊಂಡ ಸಾಮಾನ್ಯ ವಾಚಕರ ಅಭಿಪ್ರಾಯಗಳು ಆಡಿದ ಬಾಯಲ್ಲಿಯೇ ಅಡಗಿಹೋಗುತ್ತವೆ. ಅವುಗಳನ್ನು ಯಾರೂ ಬರೆದಿಡುವುದಿಲ್ಲ. ಬರೆದಿಡತಕ್ಕವೆಂದು ಆಡಿದವರಿಗೂ ತೋರುವುದಿಲ್ಲ. ಈ ನಿಯಮಕ್ಕೆ ಇಂಗ್ಲಿಷ್ ಸಾಹಿತ್ಯದ ಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಅಪವಾದವುಂಟು. ಜೇನ್ ಆಸ್ಟೆನ್ ಎಂಬ ಕಾದಂಬರಿಕರ್ತ್ರಿಯು ತನ್ನ 'ಎಮ್ಮಾ' ಎಂಬ ಗ್ರಂಥವು ಹೊರಬಿದ್ದ ಮೇಲೆ, ಅದನ್ನೂ ಅದರ ನಾಯಿಕೆಯನ್ನೂ ಕುರಿತು ಒಡಹುಟ್ಟಿದವರು, ಬಂಧುಗಳು, ಸ್ನೇಹಿತರು, ನೆರೆಹೊರೆಯವರು ಆಡಿದ ಮಾತುಗಳನ್ನು ತನ್ನ ಕೈಯಿಂದಲೇ ಒಂದೊಂದಾಗಿ ಬರೆದಿಟ್ಟಳು. ಹೊಗಳಿಕೆಯನ್ನು ಹಿಗ್ಗಿಸದೆ, ತೆಗಳಿಕೆಯನ್ನು ತಗ್ಗಿಸದೆ, ತಾನು ಒಂದು ಮಾತಿನ ಸಮಾಧಾನವನ್ನೂ ಸೇರಿಸದೆ ಬರೆದಿಟ್ಟ ಆ ಕೆಲವು ಹಾಳೆಗಳು ಈಗ ಲಂಡನ್ ನಗರದ ಬ್ರಿಟಿಷ್ ಲೈಬ್ರರಿಯಲ್ಲಿವೆ. 1926ರಲ್ಲಿ ಆರ್. ಡಬ್ಲ್ಯು. ಚಾಪ್‌ಮನ್ ಎಂಬ ವಿದ್ವಾಂಸನು ಅವನ್ನು ಆಕ್ಸ್‌ಫರ್ಡಿನಲ್ಲಿ ಅಚ್ಚುಹಾಕಿಸಿದನು. ಒಂದು ಕಾದಂಬರಿಯ ನಾಯಿಕೆಯಿಂದ ಜನರು ಏನನ್ನು ಬಯಸುತ್ತಾರೆಂಬುದನ್ನು ಅರಿಯುವುದಕ್ಕೆ ಅವುಗಳಿಗಿಂತ ಒಳ್ಳೆಯ ಸಾಧನವು ದೊರೆಯುವುದು ಕಷ್ಟ.

ಜೇನ್ ಆಸ್ಟೆನಳು 1775ನೆಯ ಡಿಸೆಂಬರ್ 16ರಂದು ಹ್ಯಾಂಪ್‌ಷೈರ್ ಪ್ರಾಂತದ ಸ್ಟೀವೆಂಟನ್ ಎಂಬ ಹಳ್ಳಿಯಲ್ಲಿ ಒಬ್ಬ ಪಾದ್ರಿಯ ಮಗಳಾಗಿ ಹುಟ್ಟಿದಳು. ಆಕೆ ಮದುವೆಯಾಗಲಿಲ್ಲ. 1805ರಲ್ಲಿ ತಂದೆಯು ತೀರಿಕೊಂಡ ಬಳಿಕ ತಾಯಿಯೂ ಇಬ್ಬರು ಹೆಣ್ಣುಮಕ್ಕಳೂ ಗಂಡುಮಕ್ಕಳ ನೆರವಿನಿಂದ ಜೀವಿಸಬೇಕಾಯಿತು. ಶ್ರೀಮಂತ ಬಂಧುಗಳ ಮನೆಗೆ ದತ್ತುಹೋಗಿದ್ದ ಎಡ್ವರ್ಡ್ ಎಂಬ ಅಣ್ಣನು ಚಾಟನ್ ಗ್ರಾಮದಲ್ಲಿದ್ದ ತನ್ನದೊಂದು ಚಿಕ್ಕ ಮನೆಯನ್ನು ಅವರಿಗೆ ಬಿಟ್ಟುಕೊಟ್ಟನು. ಆ ಮನೆಯಿಂದಲೇ 1811ರಲ್ಲಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ', 1813ರಲ್ಲಿ 'ಪ್ರೈಡ್ ಅಂಡ್ ಪ್ರೆಜುಡಿಸ್', 1814ರಲ್ಲಿ 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಎಂಬ ಕಾದಂಬರಿಗಳು ಲೋಕಕ್ಕೆ ಬಂದುವು. ಯಾವುದರ ಮೇಲೂ ಆಕೆಯ ಹೆಸರಿರಲಿಲ್ಲ. 1814ನೆಯ ಜನವರಿ 21ರಂದು ಆಕೆ 'ಎಮ್ಮಾ'ವನ್ನು ಬರೆಯತೊಡಗಿ, 1815ನೆಯ ಮಾರ್ಚಿ 29ರಂದು ಮುಗಿಸಿದಳು. ತನ್ನ ಹೊರತು ಬೇರೆ ಯಾರಿಗೂ ಅಷ್ಟಾಗಿ ಮೆಚ್ಚಿಕೆಯಾಗದ ಒಬ್ಬ ನಾಯಿಕೆಯನ್ನು ತಾನು ಈ ಸಲ ತೆಗೆದುಕೊಳ್ಳುತ್ತಿರುವುದಾಗಿ ಆಕೆ ಮನೆಯವರೊಡನೆ ಹೇಳಿದ್ದಳೆಂದು ಆಕೆಯ ಅಣ್ಣನ ಮಗನು ಮುಂದೆ ಬರೆದಿದ್ದಾನೆ.

ಈ ನಾಯಿಕೆಯು ಎಂಥವಳು? ಲಂಡನ್ನಿಗೆ 16 ಮೈಲಿ ದೂರದ ಹೈಬರಿ ಎಂಬ ಕಲ್ಪಿತ ಗ್ರಾಮದಲ್ಲಿ ಎಲ್ಲರಿಗಿಂತ ಮೇಲಾದ ಮನೆತನದವಳು. ವಯಸ್ಸು 21ಕ್ಕೆ ಸಮೀಪ. ರೂಪವಿದೆ, ಬುದ್ಧಿಯಿದೆ, ಮೂವತ್ತು ಸಾವಿರ ಪೌಂಡುಗಳ ಸ್ತ್ರೀಧನವಿದೆ. ತಾಯಿಯು ಚಿಕ್ಕಂದಿನಲ್ಲಿಯೇ ಹೋದುದರಿಂದ ಮನೆಯ ಒಡೆತನವೆಲ್ಲ ಅವಳದೇ. ತಂದೆಯು ತಣ್ಣನೆಯ ಗಾಳಿಗೂ ಮದುವೆಯ ಊಟದ ಕಜ್ಜಾಯಕ್ಕೂ ಹೆದರುವ ಮನುಷ್ಯ. ತೆಳ್ಳನೆಯ ಗಂಜಿಯೇ ಪರಮಾಹಾರವೆಂದು ನಂಬಿದವನು. ಮಗಳನ್ನು ತಿದ್ದುವ ಶಕ್ತಿ ಅವನಿಗಿಲ್ಲ. ಇಂಥ ಎಮ್ಮಾ ತಾನು ಮದುವೆಯಾಗುವುದಿಲ್ಲವೆಂದು ನಿಶ್ಚಯಿಸಿ, ಇತರರಿಗೆ ಮದುವೆ ಕೂಡಿಸುವುದನ್ನು ಕಾಲಕ್ಷೇಪವನ್ನಾಗಿ ಮಾಡಿಕೊಳ್ಳುತ್ತಾಳೆ. ತಂದೆತಾಯಿಗಳಾರೆಂದು ತಿಳಿಯದ ಹ್ಯಾರಿಯೆಟ್ ಸ್ಮಿತ್ ಎಂಬ ಹುಡುಗಿಯನ್ನು ಹತ್ತಿರ ಸೇರಿಸಿ, ಅವಳನ್ನು ಪ್ರೀತಿಸುವ ಯೋಗ್ಯನಾದ ರೈತನನ್ನು ನಿರಾಕರಿಸುವಂತೆ ಮಾಡಿ, ಊರ ಪಾದ್ರಿಯಾದ ಎಲ್ಟನ್ನನಿಗೆ ಅವಳನ್ನು ಗಂಟುಹಾಕಲು ಹೊರಡುತ್ತಾಳೆ. ಪಾದ್ರಿಯ ಕಣ್ಣಾದರೋ ಎಮ್ಮಾಳ ಮೇಲೆಯೇ ಇದ್ದಿತೆಂಬುದು ಬಯಲಾಗುತ್ತದೆ. ಇಷ್ಟಾದರೂ ಅವಳು ಬುದ್ಧಿ ಕಲಿಯುವುದಿಲ್ಲ. ಒಂದು ತಪ್ಪಿನಿಂದ ಮತ್ತೊಂದು ತಪ್ಪಿಗೆ ನಡೆಯುತ್ತಾಳೆ. ಹ್ಯಾರಿಯೆಟಳು ತಮ್ಮ ಕುಟುಂಬದ ಹಳೆಯ ಸ್ನೇಹಿತನಾದ ನೈಟ್ಲಿಯನ್ನು ಪ್ರೀತಿಸುವೆನೆಂದು ಹೇಳಿದ ದಿನವೇ, ಅವನನ್ನು ತಾನಲ್ಲದೆ ಬೇರೆ ಯಾರೂ ಮದುವೆಯಾಗಕೂಡದೆಂಬುದು ಎಮ್ಮಾಳಿಗೆ ಮೊದಲ ಸಲ ಹೊಳೆಯುವುದು.

ಕಥೆಯಲ್ಲಿ ಕೊಲೆಯಿಲ್ಲ, ಅಪಹರಣವಿಲ್ಲ, ಸಮುದ್ರಯಾನವಿಲ್ಲ. ಆ ಕಾಲದ ಪ್ರಣಯಕಾದಂಬರಿಗಳಲ್ಲಿ ನಾಯಿಕೆಯು ಸಾಮಾನ್ಯವಾಗಿ ದುಷ್ಟರ ಕೈಗೆ ಸಿಕ್ಕಿ ನರಳುವವಳು, ಸದ್ಗುಣಗಳ ಗಣಿ, ಮಾತುಮಾತಿಗೆ ಮೂರ್ಛೆಹೋಗುವವಳು. ಎಮ್ಮಾಳಿಗೆ ಹಿಂಸೆ ಮಾಡುವವರು ಯಾರೂ ಇಲ್ಲ, ನೋವುಂಟುಮಾಡುವವಳು ಅವಳೇ. ಅವಳ ದೋಷಗಳು ಸಹ ಭಯಂಕರವಾದುವಲ್ಲ. ಅಹಂಕಾರ, ಸೋಮಾರಿತನ, ತನ್ನ ಊಹೆಯೇ ಸತ್ಯವೆಂಬ ಭ್ರಮೆ, ಕುಲದ ಹಮ್ಮು, ಇವು ಯಾವ ಮನೆಯಲ್ಲಿಯಾದರೂ ಕಾಣುವಂಥವು. ಇಂಥವಳನ್ನು ನಾಯಿಕೆಯೆಂದು ಕರೆದು ಗ್ರಂಥಕ್ಕೆ ಅವಳ ಹೆಸರನ್ನೇ ಇಟ್ಟುದು ಸಣ್ಣ ಸಾಹಸವಾಗಿರಲಿಲ್ಲ.

ಗ್ರಂಥವು 1815ನೆಯ ಡಿಸೆಂಬರ್ ತಿಂಗಳ ಕೊನೆಯಲ್ಲಿ ಜಾನ್ ಮರೆ ಎಂಬ ಪ್ರಸಿದ್ಧ ಪ್ರಕಾಶಕನಿಂದ ಹೊರಟಿತು. ಮುಖಪತ್ರದ ಮೇಲೆ 1816 ಎಂದು ಅಚ್ಚಾಗಿತ್ತು. ಮೂರು ಸಂಪುಟಗಳು, 21 ಷಿಲ್ಲಿಂಗು ಬೆಲೆ, 2,000 ಪ್ರತಿಗಳು. ರಾಜಪ್ರತಿನಿಧಿಯಾಗಿದ್ದ ಯುವರಾಜನು ಈಕೆಯ ಕಾದಂಬರಿಗಳನ್ನು ಮೆಚ್ಚಿದ್ದನು. ಅವನ ಗ್ರಂಥಪಾಲಕನಾದ ಜೇಮ್ಸ್ ಸ್ಟೇನಿಯರ್ ಕ್ಲಾರ್ಕ್ ಎಂಬ ಪಾದ್ರಿಯು 1815ರ ನವೆಂಬರ್ 13ರಂದು ಆಕೆಯನ್ನು ಕಾರ್ಲ್‌ಟನ್ ಅರಮನೆಗೆ ಬರಮಾಡಿಕೊಂಡು, ಮುಂದಿನ ಗ್ರಂಥವನ್ನು ಯುವರಾಜನಿಗೆ ಅರ್ಪಿಸಲು ಅನುಮತಿಯಿದೆಯೆಂದು ತಿಳಿಸಿದನು. ಯುವರಾಜನ ನಡತೆಯನ್ನು ಆಕೆ ಮೆಚ್ಚಿದವಳಲ್ಲ. ಆದರೂ ಅಂಥ ಅನುಮತಿಯನ್ನು ಅಪ್ಪಣೆಯೆಂದೇ ತಿಳಿಯಬೇಕಾಗಿತ್ತು. ಅರ್ಪಣೆಯು ಅಚ್ಚಾಯಿತು. ಡಿಸೆಂಬರ್ 11ರಂದು ಕ್ಲಾರ್ಕನಿಗೆ ಬರೆದ ಕಾಗದದಲ್ಲಿ ಆಕೆ ತನ್ನ ಅಂಜಿಕೆಯನ್ನು ತೋಡಿಕೊಂಡಿದ್ದಾಳೆ. 'ಪ್ರೈಡ್ ಅಂಡ್ ಪ್ರೆಜುಡಿಸ್' ಮೆಚ್ಚಿದವರಿಗೆ ಇದರಲ್ಲಿ ಚಾತುರ್ಯವು ಸಾಲದೆಂದೂ, 'ಮ್ಯಾನ್ಸ್‌ಫೀಲ್ಡ್ ಪಾರ್ಕ್' ಮೆಚ್ಚಿದವರಿಗೆ ಇದರಲ್ಲಿ ವಿವೇಕವು ಸಾಲದೆಂದೂ ತೋರಬಹುದೆಂಬುದು ಆಕೆಯ ಶಂಕೆ.

ಆಕೆ ಸಂಗ್ರಹಿಸಿದ ಅಭಿಪ್ರಾಯಗಳನ್ನು ನೋಡಿದರೆ ಆ ಶಂಕೆಯು ಅಕ್ಷರಶಃ ನಿಜವಾಯಿತೆಂದೇ ಹೇಳಬೇಕು. ತಾಯಿಗೆ ಇದು 'ಮ್ಯಾನ್ಸ್‌ಫೀಲ್ಡ್ ಪಾರ್ಕಿ'ಗಿಂತ ವಿನೋದಕರವಾಗಿ ತೋರಿತು. ಆದರೆ 'ಪ್ರೈಡ್ ಅಂಡ್ ಪ್ರೆಜುಡಿಸಿ'ನಷ್ಟು ಹಿಡಿಸಲಿಲ್ಲ, ಅದರಲ್ಲಿನ ಲೇಡಿ ಕ್ಯಾಥರೀನ್ ಮತ್ತು ಕಾಲಿನ್ಸ್ ಎಂಬ ಹಾಸ್ಯಪಾತ್ರಗಳಿಗೆ ಸಮನಾದವರು ಇದರಲ್ಲಿಲ್ಲ. ಅಕ್ಕ ಕಸ್ಸಾಂಡ್ರಳ ತೀರ್ಪು ಇದಕ್ಕೆ ನೇರ ವಿರುದ್ಧ. 'ಪ್ರೈಡ್ ಅಂಡ್ ಪ್ರೆಜುಡಿಸಿ'ಗಿಂತ ಮೇಲು, 'ಮ್ಯಾನ್ಸ್‌ಫೀಲ್ಡ್ ಪಾರ್ಕಿ'ಗಿಂತ ಕೆಳಗು. ಹಿರಿಯಣ್ಣ ಜೇಮ್ಸನೂ ಅವನ ಹೆಂಡತಿಯೂ ಹಿಂದಿನ ಮೂರು ಗ್ರಂಥಗಳಲ್ಲಿ ಯಾವುದಕ್ಕೂ ಇದು ಸಾಟಿಯಲ್ಲವೆಂದರು. ಭಾಷೆಯೇ ಬೇರೆಯಾಗಿದೆ, ಸಲೀಸಾಗಿ ಓದಿಸಿಕೊಳ್ಳುವುದಿಲ್ಲವೆಂಬುದು ಅವರ ದೂರು. ನೌಕಾಸೈನ್ಯದಲ್ಲಿದ್ದ ಫ್ರಾನ್ಸಿಸನು ತೂಗಿ ನೋಡಿ ಹೇಳಿದನು. ಒಂದರಲ್ಲಿ ಚಾತುರ್ಯವೂ ಮತ್ತೊಂದರಲ್ಲಿ ನೀತಿಯೂ ಹೆಚ್ಚಾಗಿರಬಹುದು. ಆದರೂ ಮೊದಲಿಂದ ಕೊನೆಯ ವರೆಗೆ ಬೀಸುವ ಸಹಜತೆಯ ಗಾಳಿಯಿಂದಾಗಿ ತನಗೆ ಇದೇ ಪ್ರಿಯವೆಂಬುದು ಅವನ ಮತ. ಕಿರಿಯನಾದ ಚಾರ್ಲ್ಸನೂ ನಾವಿಕನೇ. ಅವನು ಹಡಗಿನ ಪ್ರಯಾಣದಲ್ಲಿ ಗ್ರಂಥವನ್ನು ಮೂರು ಸಲ ಓದಿ, ಎಮ್ಮಾಳಿಗೆ ಸಂಪೂರ್ಣವಾಗಿ ಮನಸೋತುದಾಗಿ ಬರೆದನು. ಮುಂದೆ ಈಸ್ಟ್ ಇಂಡೀಸ್ ನೌಕಾಪಡೆಯ ಮುಖ್ಯಾಧಿಕಾರಿಯಾಗಿ 1852ರಲ್ಲಿ ಐರಾವತಿ ನದಿಯ ಮೇಲೆ ಮಡಿದ ಚಾರ್ಲ್ಸ್ ಆಸ್ಟೆನನು ಈತನೇ.

ಮನೆಯ ಹೊರಗಿನವರ ಮಾತುಗಳು ಇನ್ನೂ ವಿಚಿತ್ರವಾಗಿವೆ. ಫೌಲ್ ಎಂಬಾತನು ಗ್ರಂಥವು ಸ್ವಾರಸ್ಯವಾಗಿಲ್ಲವೆಂದು ಯಾರಿಂದಲೋ ಕೇಳಿ ಮೊದಲನೆಯ ಮತ್ತು ಕೊನೆಯ ಅಧ್ಯಾಯಗಳನ್ನು ಮಾತ್ರ ಓದಿದನು. ಶ್ರೀಮತಿ ಡಿಗ್ವೀಡಳು ಗ್ರಂಥಕರ್ತ್ರಿಯ ಪರಿಚಯವಿಲ್ಲದೆ ಹೋಗಿದ್ದರೆ ತನ್ನಿಂದ ಇದನ್ನು ಓದಿ ಮುಗಿಸಲಾಗುತ್ತಿರಲಿಲ್ಲವೆಂದಳು. ಶ್ರೀಮತಿ ಗೀಟನ್ನಳಿಗೆ ಇದು ಸ್ವಾರಸ್ಯವಾಗಿರುವುದಕ್ಕೆ ಮೀರಿದಷ್ಟು ಸಹಜವಾಗಿ ಕಂಡಿತು. ಶ್ರೀಮತಿ ಡಿಕ್ಸನ್ನಳಿಗೆ ಮೊದಲೇ ಹೆಚ್ಚು ಹಿಡಿಸಲಿಲ್ಲ. ಕಥೆಯಲ್ಲಿ ಡಿಕ್ಸನ್ ದಂಪತಿಗಳೆಂಬ ಹೆಸರು ಬಂದುದರಿಂದ ಇದ್ದ ಮೆಚ್ಚಿಕೆಯೂ ಕಡಮೆಯಾಯಿತು. ಷೆರರ್ ಎಂಬ ಪಾದ್ರಿಗೆ ಕಥೆಯೊಳಗಿನ ಪಾದ್ರಿಯ ಚಿತ್ರವು ಸರಿಬರಲಿಲ್ಲ. ಇಂಥ ಕೆಟ್ಟ ಕಾಲದಲ್ಲಿ ಪಾದ್ರಿಗಳನ್ನು ಹೀಗೆ ಚಿತ್ರಿಸಬಾರದೆಂದು ಮತ್ತೊಬ್ಬಳು ಆಕ್ಷೇಪಿಸಿದಳು. ಇಸಬೆಲ್ಲಾ ಹೆರೀಸಳು ನಾಯಿಕೆಯ ರೂಪದಲ್ಲಿ ಸ್ತ್ರೀಜಾತಿಯನ್ನೇ ಬಯಲಿಗೆಳೆದುದು ತಪ್ಪೆಂದಳು. ಅಷ್ಟಕ್ಕೇ ನಿಲ್ಲದೆ, ಕಥೆಯಲ್ಲಿ ಬರುವ ಬಡ ತಾಯಿಮಗಳು ತನಗೆ ಪರಿಚಯವಿರುವ ಇಂಥವರೇ ಎಂದು ನಂಬಿಬಿಟ್ಟಳು. ಅವರ ಹೆಸರನ್ನು ಜೇನ್ ಆಸ್ಟೆನಳು ಅದುವರೆಗೆ ಕೇಳಿಯೇ ಇರಲಿಲ್ಲ. ಇತ್ತ 'ಎಡಿನ್‌ಬರೋ ರಿವ್ಯೂ' ಪತ್ರಿಕೆಯ ಸಂಪಾದಕನೂ ಕಠಿನ ವಿಮರ್ಶೆಗೆ ಹೆಸರಾದವನೂ ಆದ ಜೆಫ್ರಿಯು ಈ ಗ್ರಂಥಕ್ಕಾಗಿ ಮೂರು ರಾತ್ರಿ ನಿದ್ದೆಗೆಟ್ಟನೆಂಬ ಸುದ್ದಿಯೂ ಅದೇ ಪಟ್ಟಿಯಲ್ಲಿ ಸೇರಿದೆ.

ನಾಯಿಕೆಯ ವಿಷಯದಲ್ಲಿ ಒಂದು ಮನೆಯ ಗಂಡಹೆಂಡಿರೂ ಒಮ್ಮತಕ್ಕೆ ಬರಲಿಲ್ಲ. ಜೇಮ್ಸನ ಮಗಳಾದ ಅನ್ನಾ ಲೆಫ್ರಾಯಳಿಗೆ ಅತ್ತೆಯ ನಾಯಿಕೆಯರಲ್ಲೆಲ್ಲ ಎಮ್ಮಾಳೇ ಹೆಚ್ಚು ಪ್ರಿಯಳು. ಅವಳ ಗಂಡನಾದ ಬೆನ್ನನಿಗೆ ಎಲ್ಲರಿಗಿಂತ ಕಡಮೆ ಹಿಡಿಸಿದವಳೇ ಎಮ್ಮಾ. ಇದಕ್ಕಿಂತ ಗಮನಿಸತಕ್ಕುದು ಎಡ್ವರ್ಡನ ಹಿರಿಯ ಮಗಳಾದ ಫ್ಯಾನಿ ನೈಟಳ ಮಾತು. ನೈಟ್ಲಿಯು ತುಂಬ ಸೊಗಸಾದ ಮನುಷ್ಯ, ಆದರೆ ಎಮ್ಮಾಳನ್ನು ತನ್ನಿಂದ ಸಹಿಸಲಾಗದು ಎಂದು ಅವಳು ಹೇಳಿದಳು. ಫ್ಯಾನಿಯ ತಾಯಿಯು 1808ರಲ್ಲಿ ತೀರಿಕೊಂಡಿದ್ದಳು. ಹದಿನೈದನೆಯ ವಯಸ್ಸಿನಿಂದಲೇ ಅವಳು ಗಾಡ್‌ಮರ್ಷಮ್ಮಿನ ದೊಡ್ಡ ಮನೆಗೆ ಒಡತಿ. ಎಮ್ಮಾ ಪ್ರಕಟವಾದಾಗ ಅವಳಿಗೆ 22 ವರ್ಷ. ತಾಯಿಯಿಲ್ಲದ, ಐಶ್ವರ್ಯವಂತಳಾದ, ತಂದೆಯ ಮನೆಯನ್ನು ಆಳುವ ಹುಡುಗಿಯ ಕಥೆಯನ್ನು ಓದಿ ಅಸಹನೆಪಟ್ಟವಳು, ಬಂಧುಗಳಲ್ಲೆಲ್ಲ ಆ ಹುಡುಗಿಯ ಸ್ಥಿತಿಗೆ ಅತ್ಯಂತ ಸಮೀಪದಲ್ಲಿದ್ದವಳು. ಸೋದರತ್ತೆಗೆ ಅವಳು ಅತ್ಯಂತ ಪ್ರೀತಿಪಾತ್ರಳಾಗಿದ್ದಳೆಂಬುದೂ ಇಲ್ಲಿ ನೆನಪಿರಬೇಕು.

ಅದೇ ಮನೆಯಲ್ಲಿ 1804ರಿಂದ 1806ರ ವರೆಗೆ ಉಪಾಧ್ಯಾಯಿನಿಯಾಗಿದ್ದ ಆನ್ ಷಾರ್ಪಳ ಅಭಿಪ್ರಾಯವು ಮತ್ತೊಂದು ಬಗೆಯದು. ಅವಳು ಎಮ್ಮಾಳ ಹೊಸತನವನ್ನು ಮೆಚ್ಚಿದಳು. ಅಸಮಾಧಾನವೆಲ್ಲ ಜೇನ್ ಫೇರ್‌ಫ್ಯಾಕ್ಸ್ ಎಂಬ ಪಾತ್ರದ ಮೇಲೆ. ಕಥೆಯಲ್ಲಿ ಈ ಫೇರ್‌ಫ್ಯಾಕ್ಸಳು ವಿದ್ಯಾವತಿ, ಗುಣವತಿ, ಆದರೆ ನಿರ್ಧನೆ. ಮದುವೆಯ ಭಾಗ್ಯವು ಒದಗದಿದ್ದರೆ ಶ್ರೀಮಂತರ ಮನೆಯಲ್ಲಿ ಉಪಾಧ್ಯಾಯಿನಿಯಾಗಿ ಸೇರಬೇಕಾದವಳು. ಆ ವೃತ್ತಿಯನ್ನು ಮನುಷ್ಯರ ಬುದ್ಧಿಯನ್ನು ಮಾರುವ ವ್ಯಾಪಾರವೆಂದು ಅವಳು ಕಹಿಯಾಗಿ ವರ್ಣಿಸುತ್ತಾಳೆ. ಗುಟ್ಟಾಗಿ ನಡೆದ ಒಂದು ನಿಶ್ಚಯದ ಬಲದಿಂದ ಕೊನೆಗೆ ಅವಳು ಅದರಿಂದ ಪಾರಾಗುತ್ತಾಳೆ. ಆ ವೃತ್ತಿಯಿಂದಲೇ ಹೊಟ್ಟೆಹೊರೆಯುತ್ತಿದ್ದ ಷಾರ್ಪಳಿಗೆ ಫೇರ್‌ಫ್ಯಾಕ್ಸಳಲ್ಲಿ ಯಾವುದು ಕೊರತೆಯಾಗಿ ತೋರಿತೆಂಬುದು ಹಾಳೆಯಲ್ಲಿ ಬರೆದಿಲ್ಲ. ಆದರೆ ಸಾಹಿತ್ಯವನ್ನು ಓದುವವರು ತಮ್ಮ ಬಾಳನ್ನು ಬಾಗಿಲಾಚೆ ಬಿಟ್ಟು ಬರುವುದಿಲ್ಲವೆಂಬುದಕ್ಕೆ ಈ ಎರಡು ಉದಾಹರಣೆಗಳು ಸಾಕು.

ಒಟ್ಟಿನಲ್ಲಿ ಈ ವಾಚಕರು ಬಳಸಿದ ಅಳತೆಗೋಲುಗಳು ಮೂರು. ಹಿಂದಿನ ಗ್ರಂಥದೊಡನೆ ಹೋಲಿಸುವುದು ಒಂದು. ಲೀ ಪೆರಟ್ ದಂಪತಿಗಳು ಡಾರ್ಸಿ ಮತ್ತು ಎಲಿಜಬೆತ್ತರನ್ನು ಕಂಡ ಮೇಲೆ ತಮಗೆ ಬೇರೆಯವರು ರುಚಿಸದಂತಾಯಿತೆಂದು ಒಪ್ಪಿಕೊಂಡೇಬಿಟ್ಟರು. ತಮ್ಮ ಜಾತಿಗೆ, ಅಂದರೆ ಪಾದ್ರಿಗಳಿಗೆ ಪಾದ್ರಿತನಕ್ಕೆ, ಹೆಂಗಸರಿಗೆ ಹೆಣ್ತನಕ್ಕೆ, ಅಪಮಾನವಾಯಿತೇ ಎಂದು ನೋಡುವುದು ಎರಡನೆಯದು. ಕಥೆಯು ತಮ್ಮ ನಿತ್ಯಜೀವನಕ್ಕೆ ಎಷ್ಟು ಹತ್ತಿರ, ಎಷ್ಟು ದೂರವೆಂಬುದು ಮೂರನೆಯದು. ಇದರಲ್ಲಿ ಒಬ್ಬರಿಗೆ ಗುಣವಾಗಿ ಕಂಡ ಸಹಜತೆಯೇ ಇನ್ನೊಬ್ಬರಿಗೆ ದೋಷ. ನಾಯಿಕೆಯು ಹೀಗಿರಬೇಕು, ಹಾಗಿರಬಾರದು ಎಂದು ಲಕ್ಷಣವನ್ನು ಮೊದಲೇ ಗೊತ್ತುಮಾಡಿಕೊಂಡು ಲಕ್ಷ್ಯವನ್ನು ಅದಕ್ಕೆ ಒರೆಹಚ್ಚುವ ಈ ಮನೋಧರ್ಮವು ಒಂದು ದೇಶಕ್ಕೆ ಮಾತ್ರ ಸೇರಿದುದಲ್ಲ. ಲಕ್ಷಣಗ್ರಂಥಗಳನ್ನು ಬಲ್ಲವರಿಗೆ ಇದು ಪರಿಚಿತವಾದುದೇ.

ಪತ್ರಿಕೆಗಳಲ್ಲಿ ಬಂದ ವಿಮರ್ಶೆಗಳೊಳಗೆ ಮುಖ್ಯವಾದುದು 'ಕ್ವಾರ್ಟರ್ಲಿ ರಿವ್ಯೂ' ಪತ್ರಿಕೆಯದು. 1815ರ ಅಕ್ಟೋಬರ್ ಸಂಚಿಕೆಯೆಂದು ಅಚ್ಚಾಗಿದ್ದರೂ ಅದು ಹೊರಬಂದುದು 1816ರ ಮಾರ್ಚಿಯಲ್ಲಿ. ಲೇಖಕನ ಹೆಸರಿರಲಿಲ್ಲ, ಬರೆದವನು ಸರ್ ವಾಲ್ಟರ್ ಸ್ಕಾಟ್. ಅದ್ಭುತ ಘಟನೆಗಳನ್ನು ನಂಬಿಕೊಂಡಿದ್ದ ಹಳೆಯ ಕಾದಂಬರಿಗೆ ಬದಲಾಗಿ, ಸಾಧಾರಣ ಜನರ ಸಾಧಾರಣ ಬಾಳನ್ನೇ ಯಥಾವತ್ತಾಗಿ ಚಿತ್ರಿಸುವ ಹೊಸ ಬಗೆಯೊಂದು ಹುಟ್ಟಿದೆಯೆಂದು ಅವನು ಗುರುತಿಸಿದನು. ಈಕೆಯ ಕಲೆಯನ್ನು ಫ್ಲಾಂಡರ್ಸ್ ದೇಶದ ಚಿತ್ರಕಾರರ ಕಲೆಗೆ ಹೋಲಿಸಿದನು. ಎಮ್ಮಾಳ ತಂದೆಯ ಮತ್ತು ಮಿಸ್ ಬೇಟ್ಸಳ ಹರಟೆಯು ನಿಜಜೀವನದಲ್ಲಿರುವಂತೆಯೇ ಗ್ರಂಥದಲ್ಲಿಯೂ ಬೇಸರತರುವುದೆಂದನು. ಕೊನೆಯಲ್ಲಿ, ಈಚಿನ ಕಾದಂಬರಿಗಳಲ್ಲಿ ಮನ್ಮಥನು ಲೆಕ್ಕಾಚಾರದ ಬುದ್ಧಿಗೆ ಅಡಿಯಾಳಾಗಿದ್ದಾನೆಂದು ಕೊರಗಿ, ಯೌವನದ ನಿಸ್ವಾರ್ಥ ಪ್ರೇಮದ ಪರವಾಗಿ ಎರಡು ಮಾತು ಹೇಳಿದನು. ಗ್ರಂಥಕರ್ತ್ರಿಯು ಏಪ್ರಿಲ್ 1ರಂದು ಮರೆಗೆ ಬರೆದ ಕಾಗದದಲ್ಲಿ ವಿಮರ್ಶೆಗಾಗಿ ಸಂತೋಷಪಟ್ಟು, 'ಮ್ಯಾನ್ಸ್‌ಫೀಲ್ಡ್ ಪಾರ್ಕಿ'ನ ಹೆಸರನ್ನೇ ಎತ್ತದೆ ಬಿಟ್ಟುದಕ್ಕೆ ಮಾತ್ರ ವ್ಯಥೆಪಟ್ಟಳು.

ಸಮಕಾಲೀನ ಕಾದಂಬರಿಕರ್ತ್ರಿಯರಲ್ಲಿ ಅಗ್ರಗಣ್ಯಳಾಗಿದ್ದ ಮರಾಯಾ ಎಜ್‌ವರ್ತಳಿಗೆ ಒಂದು ಪ್ರತಿಯನ್ನು ಗೌರವಪೂರ್ವಕವಾಗಿ ಕಳುಹಿಸಲಾಗಿತ್ತು. ಅವಳು ಮೊದಲ ಸಂಪುಟವನ್ನು ಓದಿ, ಇದರಲ್ಲಿ ಕಥೆಯೇ ಇಲ್ಲವೆಂದು ಪುಸ್ತಕವನ್ನು ಕೆಳಗಿಟ್ಟಳು. ಎಮ್ಮಾಳ ತಂದೆಯ ಗಂಜಿಯನ್ನು ಹಾಸ್ಯಮಾಡಿ ಅವಳು ಬರೆದ ಕಾಗದವು ಉಳಿದಿದೆ. ಸ್ಕಾಟನ ಹೊಗಳಿಕೆಯೂ ಎಜ್‌ವರ್ತಳ ತಿರಸ್ಕಾರವೂ ಒಂದೇ ಗುಣವನ್ನು ಕುರಿತುವೆಂಬುದು ಇಲ್ಲಿನ ವಿಶೇಷ.

ಹಣದ ಫಲವು ಅಲ್ಪವಾಯಿತು. ಮೂರು ಗ್ರಂಥಗಳ ಸ್ವಾಮ್ಯಕ್ಕೆ 450 ಪೌಂಡು ಕೊಡುವೆನೆಂದು ಮರೆಯು ಹೇಳಿದಾಗ ಆಕೆ ಒಪ್ಪದೆ ತನ್ನ ಹೊಣೆಯಿಂದಲೇ ಪ್ರಕಟಿಸಿದ್ದಳು. 'ಎಮ್ಮಾ'ದಿಂದ ಬಂದ ಲಾಭವನ್ನು 'ಮ್ಯಾನ್ಸ್‌ಫೀಲ್ಡ್ ಪಾರ್ಕಿ'ನ ಎರಡನೆಯ ಮುದ್ರಣದ ನಷ್ಟಕ್ಕೆ ವಜಾ ಹಾಕಲಾಗಿ, ಆಕೆಯ ಜೀವಿತಕಾಲದಲ್ಲಿ ಕೈಸೇರಿದುದು ಸುಮಾರು 39 ಪೌಂಡು ಮಾತ್ರ. ಸ್ಕಾಟನ ವಿಮರ್ಶೆಯು ಹೊರಟ ಆ ಮಾರ್ಚಿ ತಿಂಗಳಲ್ಲಿಯೇ ಅಣ್ಣ ಹೆನ್ರಿಯ ಬ್ಯಾಂಕು ಮುಳುಗಿ, ಕುಟುಂಬಕ್ಕೆ ದೊಡ್ಡ ಪೆಟ್ಟಾಯಿತು. 1817ನೆಯ ಜುಲೈ 18ರಂದು ವಿಂಚೆಸ್ಟರಿನಲ್ಲಿ ಜೇನ್ ಆಸ್ಟೆನಳು ತನ್ನ 41ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಕೆಲವು ವರ್ಷಗಳಾದ ಮೇಲೂ ಮರೆಯ ಉಗ್ರಾಣದಲ್ಲಿ 'ಎಮ್ಮಾ'ದ ಐನೂರಕ್ಕೂ ಮಿಗಿಲಾದ ಪ್ರತಿಗಳು ಮಾರಾಟವಾಗದೆ ಉಳಿದಿದ್ದು, 21 ಷಿಲ್ಲಿಂಗಿನ ಪುಸ್ತಕವು 2 ಷಿಲ್ಲಿಂಗಿಗೆ ಹೋಯಿತು.

ಪರಿಸ್ಥಿತಿಯು ಹೀಗಿದ್ದುದರಿಂದ ಈ ಅಭಿಪ್ರಾಯಗಳನ್ನು ಆಕೆ ಬರೆದಿಟ್ಟುದು ಬರಿಯ ವಿನೋದಕ್ಕಾಗಿಯೆಂದು ಭಾವಿಸುವಂತಿಲ್ಲ. ಬರಹವೊಂದೇ ಆಕೆಯ ಸ್ವಂತ ಸಂಪಾದನೆ. ವಾಚಕರು ಮೆಚ್ಚುವ ನಾಯಿಕೆಯನ್ನು ಕೊಟ್ಟರೆ ಪುಸ್ತಕವು ಮಾರಾಟವಾಗುವುದೆಂಬುದು ಆಕೆಗೆ ಗೊತ್ತಿತ್ತು. ಗ್ರಂಥಪಾಲಕ ಕ್ಲಾರ್ಕನು ಒಬ್ಬ ಪಾದ್ರಿಯ ಕಥೆಯನ್ನು ಬರೆ, ಒಂದು ರಾಜವಂಶದ ಐತಿಹಾಸಿಕ ಪ್ರಣಯಕಥೆಯನ್ನು ಬರೆ ಎಂದು ಸಲಹೆಯ ಮೇಲೆ ಸಲಹೆ ಕೊಟ್ಟನು. ಆಕೆ ತನ್ನ ದಾರಿಯಲ್ಲದೆ ಬೇರೆ ದಾರಿಯಲ್ಲಿ ನಡೆಯಲಾರೆನೆಂದು ವಿನಯದಿಂದ ಉತ್ತರಕೊಟ್ಟು, ಬಂದ ಸಲಹೆಗಳನ್ನೆಲ್ಲ ಒಟ್ಟುಗೂಡಿಸಿ, ಎಲ್ಲರನ್ನೂ ಮೆಚ್ಚಿಸುವ ಕಾದಂಬರಿಯೊಂದರ ಯೋಜನೆಯನ್ನು ಪರಿಹಾಸ್ಯವಾಗಿ ರಚಿಸಿದಳು. ಅದರ ನಾಯಿಕೆಯಲ್ಲಿ ದೋಷದ ಲೇಶವೂ ಇಲ್ಲ. ಅಂಥ ನಾಯಿಕೆಯನ್ನು ಬರೆಯುವುದು ಎಷ್ಟು ಸುಲಭ, ಎಷ್ಟು ನಿರರ್ಥಕವೆಂಬುದನ್ನು ಆ ಕೆಲವು ಪುಟಗಳು ತೋರಿಸುತ್ತವೆ.

ಕಾಲವು ಸರಿದಂತೆ ಹೊಸ ಓದುಗರು ಬಂದರು. ಗ್ರಂಥವು 1816ರಲ್ಲಿಯೇ ಫ್ರೆಂಚ್ ಭಾಷೆಗೆ ಹೋಗಿತ್ತು; ಅದೇ ವರ್ಷ ಅಮೆರಿಕದ ಫಿಲಡೆಲ್ಫಿಯದಲ್ಲಿ ಅಚ್ಚಾಗಿತ್ತು. 1833ರಲ್ಲಿ ಬೆಂಟ್ಲಿ ಎಂಬ ಪ್ರಕಾಶಕನು ಸುಲಭ ಬೆಲೆಯ ಮಾಲೆಯಲ್ಲಿ ಅದನ್ನು ಮತ್ತೆ ಹೊರಡಿಸಿದನು. 1837ರಲ್ಲಿ, ಮುಂದೆ ಕಾರ್ಡಿನಲ್ ಪದವಿಗೇರಿದ ಜಾನ್ ಹೆನ್ರಿ ನ್ಯೂಮನ್ನನು ಅದನ್ನು ಓದಿ ತಂಗಿಗೆ ಕಾಗದ ಬರೆದನು. ಕಥೆಗೆ ಮೈಕಟ್ಟು ಸಾಲದು, ಲೇಖಕಿಗೆ ಪ್ರಣಯದ ಔನ್ನತ್ಯವು ತಿಳಿಯದು, ಈಕೆಯ ಪಾದ್ರಿಗಳು ನೀಚರು ಎಂದೆಲ್ಲ ದೂರಿದ ಆ ಪಾದ್ರಿಯು ಎಮ್ಮಾಳ ಮೇಲೆ ಮಾತ್ರ ತನಗೆ ವಾತ್ಸಲ್ಯವೆಂದೂ, ಈಕೆಯ ನಾಯಿಕೆಯರಲ್ಲೆಲ್ಲ ಅವಳೇ ಹೆಚ್ಚು ಮನಸ್ಸೆಳೆಯುವಳೆಂದೂ ಒಪ್ಪಿದನು. 'ಜೇನ್ ಏರ್' ಬರೆದ ಷಾರ್ಲಟ್ ಬ್ರಾಂಟಿಯು 1850ರಲ್ಲಿ ಅದೇ ಗ್ರಂಥವನ್ನು ಓದಿ, ಮೇಲ್ಮೈಯ ಚಿತ್ರಣದ ಕೌಶಲವನ್ನು ಮೆಚ್ಚಿದಳಾದರೂ, ಮನುಷ್ಯಹೃದಯದ ಉತ್ಕಟ ಭಾವಗಳ ಪರಿಚಯವೇ ಈ ಲೇಖಕಿಗಿಲ್ಲವೆಂದಳು. ಬ್ರಾಂಟಿಯ ನಾಯಿಕೆಯು ಕುರೂಪಿ, ದರಿದ್ರೆ, ಅನಾಥೆ, ಒಳಗೆ ಬೆಂಕಿ. ಎಮ್ಮಾಳಿಗೆ ಇರುವುದೆಲ್ಲ ಆಕೆಗಿಲ್ಲ, ಆಕೆಗಿರುವುದು ಎಮ್ಮಾಳಿಗೆ ಬೇಕಾಗಿಲ್ಲ. ಪ್ರಣಯಕಾದಂಬರಿಯ ಎರಡು ಮಾರ್ಗಗಳು ಒಂದನ್ನೊಂದು ಸಂಧಿಸಿ, ಒಪ್ಪದೆ ಅಗಲಿದ ಸ್ಥಳವಿದು.

ಜೇಮ್ಸನ ಮಗನಾದ ಆಸ್ಟೆನ್ ಲೀಯು ತನ್ನ ಅತ್ತೆಯ ಚರಿತ್ರೆಯನ್ನು 1869ರ ಕೊನೆಯಲ್ಲಿ ಪ್ರಕಟಿಸಿದ ಬಳಿಕ ಓದುಗರ ಸಂಖ್ಯೆಯು ಬೆಳೆಯಿತು. ಲೇಖಕಿಯು ಪಾತ್ರಗಳ ಮುಂದಿನ ಬಾಳನ್ನು ಮನೆಯವರಿಗೆ ಹೇಳುತ್ತಿದ್ದಳೆಂದೂ, ಎಮ್ಮಾಳ ತಂದೆಯು ಮಗಳ ಮದುವೆಯಾದ ಮೇಲೆ ಎರಡು ವರ್ಷ ಬದುಕಿದ್ದನೆಂದೂ ಅದರಿಂದ ತಿಳಿದುಬಂದಿತು. ಆದರೆ ಗ್ರಂಥದ ಬಗೆಗಿನ ದೃಷ್ಟಿಯು ಬದಲಾದುದು ಇಪ್ಪತ್ತನೆಯ ಶತಮಾನದಲ್ಲಿ. ಲೇಖಕಿಯು ತೀರಿಕೊಂಡ ನೂರನೆಯ ವರ್ಷವಾದ 1917ರಲ್ಲಿ ರೆಜಿನಾಲ್ಡ್ ಫ್ಯಾರರನು, ಇದು ಒಂದು ಸಲ ಓದಿ ಬಿಡುವ ಗ್ರಂಥವಲ್ಲ, ಮರಳಿ ಮರಳಿ ಓದಿದಷ್ಟೂ ಹೊಸ ರುಚಿ ಕೊಡುವ ಗ್ರಂಥವೆಂದು ಸಾರಿ, ಆಕೆಯ ಕೃತಿಗಳಲ್ಲಿ ಇದಕ್ಕೇ ಅಗ್ರಸ್ಥಾನವನ್ನು ಕೊಟ್ಟನು. ಎಲ್ಲರೂ ಹೀಗೆ ಎಮ್ಮಾಳ ಪಕ್ಷಪಾತಿಗಳಾದರೆಂದಲ್ಲ. 1952ರಲ್ಲಿ ಮಾರ್ವಿನ್ ಮಡ್ರಿಕನು ಅವಳ ಹೃದಯವು ತಣ್ಣಗಿನದೆಂದೂ, ಕೊನೆಯ ಪಶ್ಚಾತ್ತಾಪವು ಅವಳನ್ನು ನಿಜವಾಗಿ ಮಾರ್ಪಡಿಸಲಿಲ್ಲವೆಂದೂ ವಾದಿಸಿದನು. 1957ರಲ್ಲಿ ಲಯನಲ್ ಟ್ರಿಲಿಂಗನು, ಕಾದಂಬರಿಗಳಲ್ಲಿ ಹೆಂಗಸರ ನೈತಿಕಜೀವನವು ಚಂದ್ರನ ಬೆಳಕಿನಂತೆ ಗಂಡಸರಿಂದ ಎರವಲು ಬಂದಿರುವುದೇ ವಾಡಿಕೆಯೆಂದೂ, ಎಮ್ಮಾಳಿಗಾದರೋ ಅದು ಸ್ವಂತವಾಗಿದೆಯೆಂದೂ ಹೇಳಿದನು. ತಪ್ಪುಮಾಡುವ ಹಕ್ಕು, ಮಾಡಿದ ತಪ್ಪಿಗೆ ತಾನೇ ಲೆಕ್ಕ ಒಪ್ಪಿಸುವ ಹೊಣೆ, ಇವೆರಡೂ ಅವಳಿಗುಂಟು. 1815ರಲ್ಲಿ ಸ್ತ್ರೀಜಾತಿಗೆ ಅಪಮಾನವೆನಿಸಿದುದು 1957ರಲ್ಲಿ ಸ್ತ್ರೀಪಾತ್ರಕ್ಕೆ ಸಂದ ಗೌರವವೆನಿಸಿತು.

ಇಷ್ಟು ಮತಭೇದಕ್ಕೆ ಕಾರಣವು ಗ್ರಂಥದ ನಿರೂಪಣೆಯಲ್ಲಿಯೇ ಇದೆ. 1961ರಲ್ಲಿ ವೇನ್ ಬೂತನು ಇದನ್ನು ಚೆನ್ನಾಗಿ ಬಿಡಿಸಿ ತೋರಿಸಿದನು. ಕಥೆಯನ್ನು ಹೇಳುವವರು ಬೇರೆಯವರಾದರೂ, ಬಹುಮಟ್ಟಿಗೆ ನೋಡುವ ಕಣ್ಣು ಎಮ್ಮಾಳದು. ಅವಳ ಆಲೋಚನೆಗಳು ಅವಳ ಹೆಸರಿಲ್ಲದೆಯೇ ನಿರೂಪಣೆಯೊಳಗೆ ಸೇರಿಕೊಳ್ಳುತ್ತವೆ. ಇದು ನಿಜವೋ ಅವಳ ಊಹೆಯೋ ಎಂಬುದನ್ನು ಓದುಗನೇ ಅರಿಯಬೇಕು. ಆದುದರಿಂದ ಅವಳಿಗೆ ಬುದ್ಧಿಯಿಲ್ಲವೆಂದು ನಗುವ ವಾಚಕನೂ ಫ್ರ್ಯಾಂಕ್ ಚರ್ಚಿಲನಿಗೂ ಜೇನ್ ಫೇರ್‌ಫ್ಯಾಕ್ಸಳಿಗೂ ನಡುವೆ ಇರುವ ಗುಟ್ಟನ್ನು ಅವಳಂತೆಯೇ ಕಾಣದೆಹೋಗುತ್ತಾನೆ. ಕುರುಹುಗಳೆಲ್ಲ ಕಣ್ಣೆದುರಿಗೇ ಇರುತ್ತವೆ. ಎರಡನೆಯ ಸಲ ಓದುವಾಗ ನಗೆಯು ತನ್ನ ಕಡೆಗೇ ತಿರುಗುತ್ತದೆ.

ನಾಯಿಕೆಯ ಪರೀಕ್ಷೆಯು ಮುಖ್ಯವಾಗಿ ನಡೆಯುವುದು ಬಾಕ್ಸ್ ಬೆಟ್ಟದ ವನಭೋಜನದಲ್ಲಿ. ಒಬ್ಬೊಬ್ಬರೂ ಒಂದು ಬುದ್ಧಿವಂತಿಕೆಯ ಮಾತನ್ನೋ ಮೂರು ಮಂಕು ಮಾತುಗಳನ್ನೋ ಆಡಬೇಕೆಂದು ಆಟವೇರ್ಪಡುತ್ತದೆ. ಬಡವಳೂ ಮದುವೆಯಿಲ್ಲದವಳೂ ವಾಚಾಳಿಯೂ ಆದ ಮಿಸ್ ಬೇಟ್ಸಳು, ಬಾಯಿತೆರೆದರೆ ತನಗೆ ಮೂರು ಮಂಕು ಮಾತು ಬಂದೇಬರುವುದೆಂದು ತನ್ನನ್ನೇ ಹಾಸ್ಯಮಾಡಿಕೊಳ್ಳುತ್ತಾಳೆ. ಮೂರಕ್ಕೇ ನಿಲ್ಲಿಸುವುದು ಕಷ್ಟವಾದೀತೆಂದು ಎಮ್ಮಾ ಕೊಂಕುನುಡಿಯುತ್ತಾಳೆ. ಆ ವೃದ್ಧಕುಮಾರಿಯು ಸಿಟ್ಟಾಗುವುದಿಲ್ಲ. ತನ್ನ ಮಾತು ಅಷ್ಟು ಬೇಸರದ್ದಾಗಿರಬೇಕೆಂದು ಮುಖ ಕೆಂಪಗೆಮಾಡಿಕೊಂಡು ನೊಂದುಕೊಳ್ಳುತ್ತಾಳೆ. ಸಮಾನಳಾದ ಶ್ರೀಮಂತಳಿಗೆ ಈ ಮಾತನ್ನಾಡಿದ್ದರೆ ಕ್ಷಮಿಸಬಹುದಾಗಿತ್ತು, ಇದ್ದ ಸೌಖ್ಯದಿಂದ ಜಾರಿ ದಿನದಿನಕ್ಕೆ ಇನ್ನೂ ಕೆಳಗಿಳಿಯುತ್ತಿರುವ ಬಡವಳಿಗೆ ಆಡಿದುದು ಕ್ರೌರ್ಯವೆಂದು ನೈಟ್ಲಿಯು ಅವಳನ್ನು ಖಂಡಿಸುತ್ತಾನೆ. ಹಿಂದಿರುಗುವ ಬಂಡಿಯಲ್ಲಿ ಎಮ್ಮಾ ದಾರಿಯುದ್ದಕ್ಕೂ ಅಳುತ್ತಾಳೆ. ಮರುದಿನ ಬೆಳಗ್ಗೆ ತಾನಾಗಿ ಆ ಬಡವರ ಮನೆಗೆ ಹೋಗುತ್ತಾಳೆ. ಮಿಸ್ ಬೇಟ್ಸಳ ಸ್ಥಿತಿಗೂ, ಪಾದ್ರಿಯ ಮಗಳಾಗಿ ಮದುವೆಯಿಲ್ಲದೆ ತಾಯಿಯೊಡನೆ ಬಂಧುಗಳ ನೆರವಿನಿಂದ ಬಾಳಿದ ಗ್ರಂಥಕರ್ತ್ರಿಯ ಸ್ಥಿತಿಗೂ ಅಂತರವು ಬಹಳವಿರಲಿಲ್ಲ. ಆ ಕೊಂಕಿನ ಮೊನೆಯು ಎಷ್ಟು ಆಳಕ್ಕೆ ಇಳಿಯುವುದೆಂಬುದನ್ನು ಆಕೆ ಎರಡು ಕಡೆಯಿಂದಲೂ ಬಲ್ಲವಳಾಗಿದ್ದಳು. ಮಾತಿನ ಚಾತುರ್ಯವು ಆಕೆಯಲ್ಲಿಯೇ ಇತ್ತು, ಬಡತನವೂ ಆಕೆಯ ಮನೆಯಲ್ಲಿಯೇ ಇತ್ತು.

ಎರಡು ನೂರು ವರ್ಷಗಳು ಕಳೆದರೂ ಎಮ್ಮಾಳ ಮೇಲಿನ ವಿವಾದವು ಮುಗಿದಿಲ್ಲ. 1995ರಲ್ಲಿ ಅಮೆರಿಕದವರು ಅವಳನ್ನು ಲಾಸ್ ಏಂಜಲಿಸಿನ ಶ್ರೀಮಂತರ ಹುಡುಗಿಯನ್ನಾಗಿ ಮಾಡಿ 'ಕ್ಲೂಲೆಸ್' ಎಂಬ ಚಲಚ್ಚಿತ್ರವನ್ನು ತೆಗೆದರು. 2010ರಲ್ಲಿ 'ಆಯಿಷಾ' ಎಂಬ ಹಿಂದಿ ಚಿತ್ರದಲ್ಲಿ ಅವಳು ದೆಹಲಿಗೆ ಬಂದಳು. 2020ರಲ್ಲಿ ಮತ್ತೊಮ್ಮೆ ಇಂಗ್ಲೆಂಡಿನಲ್ಲಿ ತೆರೆಯ ಮೇಲೆ ಕಾಣಿಸಿಕೊಂಡಳು. ಉಡುಗೆಯೂ ಊರೂ ಬದಲಾದರೂ, ತನಗೆ ಎಲ್ಲವೂ ತಿಳಿದಿದೆಯೆಂದು ನಂಬಿ ಇತರರ ಬಾಳನ್ನು ನೇರ್ಪಡಿಸಹೊರಡುವ ಹುಡುಗಿಯು ಎಲ್ಲ ಊರುಗಳಲ್ಲಿಯೂ ಇರುವುದರಿಂದ ಅವಳ ಗುರುತು ಹಿಡಿಯುವುದು ಯಾರಿಗೂ ಕಷ್ಟವಾಗಲಿಲ್ಲ.

ನಾಯಿಕೆಯನ್ನು ಮೆಚ್ಚಬೇಕೆಂಬ ಬಯಕೆಯು ವಾಚಕರಲ್ಲಿ ಸಹಜವಾದುದೇ. ಆದರೆ ಮೆಚ್ಚುವುದೇ ಬೇರೆ, ಅರಿಯುವುದೇ ಬೇರೆ. ಫ್ಯಾನಿ ನೈಟಳು ಮೆಚ್ಚಲಿಲ್ಲ, ನ್ಯೂಮನ್ನನು ಮೆಚ್ಚಿದನು. ಇಬ್ಬರೂ ಅವಳನ್ನು ಜೀವವುಳ್ಳ ಹೆಣ್ಣೆಂದು ತಿಳಿದೇ ಮಾತನಾಡಿದರು. ಸದ್ಗುಣಗಳ ಗಣಿಗಳಾಗಿದ್ದ ಆ ಕಾಲದ ಎಷ್ಟೋ ನಾಯಿಕೆಯರ ಹೆಸರುಗಳು ಈಗ ಮರೆತುಹೋಗಿವೆ. ಅವರನ್ನು ಯಾರೂ ದ್ವೇಷಿಸಲಿಲ್ಲ. ಅವರಿಗಾಗಿ ಗಂಡಹೆಂಡಿರು ವಾದಮಾಡಲೂ ಇಲ್ಲ. ತನ್ನ ನಾಯಿಕೆಯು ಹೆಚ್ಚು ಜನಕ್ಕೆ ಹಿಡಿಸಲಾರಳೆಂದು ಜೇನ್ ಆಸ್ಟೆನಳಿಗೆ ಮೊದಲೇ ತಿಳಿದಿತ್ತು. ತಿಳಿದೂ ಬರೆದಳು, ಹಿಡಿಸಲಿಲ್ಲವೆಂದವರ ಮಾತನ್ನು ಹಿಡಿಸಿತೆಂದವರ ಮಾತಿನೊಡನೆ ಒಂದೇ ಮಸಿಯಲ್ಲಿ, ಒಂದೇ ಹಾಳೆಯ ಮೇಲೆ ಬರೆದಿಟ್ಟಳು. ಸಹೃದಯರ ತೀರ್ಪು ಒಂದೇ ದಿನದಲ್ಲಿ ಮುಗಿಯುವಂಥದಲ್ಲವೆಂಬ ತಾಳ್ಮೆಯು ಆ ಹಾಳೆಗಳಲ್ಲಿ ಕಾಣುತ್ತದೆ.